ಗುಡಿಯಾಚೆಯ ಹರಿಹರ

ಇಟಲಿಯ ಪೀಸಾ ನಗರಕ್ಕೆ ಹೋದ ಪ್ರವಾಸಿಗರಲ್ಲಿ ಹೆಚ್ಚಿನವರು ವಾಲಿದ ಗೋಪುರವನ್ನು ನೋಡಿ, ಅದರೆದುರು ಭಾವಚಿತ್ರ ತೆಗೆಸಿಕೊಂಡು, ಅಲ್ಲಿಂದಲೇ ಮರಳುತ್ತಾರೆ. ಗೆಲಿಲಿಯೋ ಹುಟ್ಟಿದ ಆ ಊರಿನ ಬೀದಿಗಳನ್ನಾಗಲಿ, ಆರ್ನೋ ನದಿಯ ದಂಡೆಯನ್ನಾಗಲಿ ವಿಚಾರಿಸುವವರು ವಿರಳ. ಇದಕ್ಕೆ ನಾವು ನಗಬೇಕಾದುದಿಲ್ಲ. ದಾವಣಗೆರೆಯಿಂದ ಸುಮಾರು 14 ಕಿಲೋಮೀಟರು ದೂರದ ಹರಿಹರಕ್ಕೆ ನಮ್ಮವರು ಹೋಗಿಬರುವ ರೀತಿಯೂ ಅದೇ. ಬೆಳಗ್ಗೆ ದಾವಣಗೆರೆಯಲ್ಲಿ ಬೆಣ್ಣೆದೋಸೆ, ಆಮೇಲೆ ಹರಿಹರೇಶ್ವರನ ಮಂಗಳಾರತಿ, ಮಧ್ಯಾಹ್ನದ ಊಟಕ್ಕೆ ಮರಳಿ ಮನೆ!

ಗುಡಿಯ ಕೀರ್ತಿ ಸುಳ್ಳಲ್ಲ. ಹರಿಯೊಬ್ಬನಿಂದಾಗಲಿ ಹರನೊಬ್ಬನಿಂದಾಗಲಿ ಸಾವು ಬಾರದಂತೆ ವರ ಪಡೆದಿದ್ದ ಗುಹಾಸುರನನ್ನು ಇಬ್ಬರೂ ಒಂದೇ ದೇಹ ತಾಳಿ ಸಂಹರಿಸಿದರೆಂಬುದು ಸ್ಥಳಪುರಾಣ. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಈ ದೇಗುಲವನ್ನು ಕಟ್ಟಿಸಿದನು. 1268ರಲ್ಲಿ ಸೋಮ ದಂಡನಾಯಕನು ಅದನ್ನು ವಿಸ್ತರಿಸಿದನು.

ಆರತಿ ಮುಗಿದೊಡನೆ ಚಪ್ಪಲಿಯ ಕಡೆಗೆ ಧಾವಿಸದೆ, ಮಂಟಪದ ಕಂಬಗಳ ಬಳಿ ಕೆಲಹೊತ್ತು ನಿಲ್ಲಬೇಕು. ಬಳೆಬಳೆಯಾಗಿ ಇಳಿದಿರುವ ಆ ಕಲ್ಲಿನ ಕಂಬಗಳು ಬರಿಯ ಉಳಿಯಿಂದ ಕೆತ್ತಿದವಲ್ಲ. ಕಲ್ಲನ್ನು ತಿರುಗಿಸುತ್ತ ಕಡೆದು ನುಣುಪುಗೊಳಿಸಿದವು. ಹೊಯ್ಸಳ ಶಿಲ್ಪಿಗಳಿಗೆ ಆ ವಿದ್ಯೆ ಕರಗತವಾಗಿತ್ತು.

ಇದೇ ಊರಿನಲ್ಲಿ, ಏಳುನೂರು ವರ್ಷಗಳ ತರುವಾಯ, ಕಡೆಯುವ ಯಂತ್ರಗಳೇ ತಯಾರಾದದ್ದು ಸೋಜಿಗವಲ್ಲವೆ? 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ಎಷ್ಟೋ ಕಮ್ಮಟಗಳಿಗೆ ಇಲ್ಲಿಂದ ಹೋದವು. ಕಾರ್ಖಾನೆಯ ನೆರೆಯ ಬಡಾವಣೆಗೆ ಯಂತ್ರಪುರವೆಂದೇ ಹೆಸರು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಮುಚ್ಚಿತು. ಕಂಬಗಳ ಕಥೆಯನ್ನು ಹೇಳಲು ಗುಡಿಯಿದೆ, ಶಾಸನಗಳಿವೆ. ಲೇತಿನ ಮುಂದೆ ನಿಂತು ಸಂಸಾರ ಸಾಗಿಸಿದವರ ಕಥೆ ಮಾತ್ರ ಅವರ ನೆನಪಿನಲ್ಲಿಯೇ ಉಳಿದಿದೆ. ಕೇಳುವವರಿಲ್ಲದಿದ್ದರೆ ಅದು ಅವರೊಡನೆಯೇ ಹೋಗಿಬಿಡುತ್ತದೆ.

ಅಲ್ಲಿಂದ ಹೊಳೆಯ ಕಡೆಗೆ ಬರಬಹುದು. ಕೂಡಲಿಯಲ್ಲಿ ಒಂದಾದ ತುಂಗೆ ಭದ್ರೆಯರು ಇಲ್ಲಿ ವಿಶಾಲವಾಗಿ ಹರಿಯುತ್ತಾರೆ. ಬೆಂಗಳೂರು–ಧಾರವಾಡ ರಸ್ತೆಗಾಗಿ 1868ರಲ್ಲಿ ಇಲ್ಲಿ ಹದಿನಾಲ್ಕು ಕಮಾನುಗಳ ಸೇತುವೆಯಾಯಿತು. ಒಂದೊಂದು ಕಮಾನಿನ ಅಗಲ 60 ಅಡಿ. ಆಗ ಈಚೆ ದಡ ಮೈಸೂರು, ಆಚೆ ದಡ ಮುಂಬಯಿ ಪ್ರಾಂತ. ಎರಡು ಕಡೆಯೂ ಕನ್ನಡವೇ. ಆಳ್ವಿಕೆ ಮಾತ್ರ ಬೇರೆ. 1956ರಲ್ಲಿ ಎರಡು ದಡಗಳೂ ಒಂದೇ ರಾಜ್ಯಕ್ಕೆ ಸೇರಿದವು. ಅದಕ್ಕೆ ಸುಮಾರು ತೊಂಬತ್ತು ವರ್ಷ ಮೊದಲೇ ಈ ಸೇತುವೆ ಅವನ್ನು ಜೋಡಿಸಿತ್ತು.

ಊರಿನ ಇನ್ನೊಂದು ಯಾತ್ರಾಸ್ಥಳ ಆರೋಗ್ಯಮಾತೆಯ ಇಗರ್ಜಿ. ಸೆಪ್ಟೆಂಬರ್ 8ರ ಉತ್ಸವಕ್ಕೆ ಕ್ರೈಸ್ತರಷ್ಟೇ ಅಲ್ಲ, ಇತರ ಮತದವರೂ ಹರಕೆ ಹೊತ್ತು ಬರುತ್ತಾರೆ. 2019ರಲ್ಲಿ ಪೋಪರು ಇದಕ್ಕೆ ಬೆಸಿಲಿಕಾ ಎಂಬ ಗೌರವವನ್ನಿತ್ತರು. ಇಬ್ಬರು ದೇವರು ಒಂದೇ ಮೈಯಲ್ಲಿ ನೆಲೆಸಿದ ಊರಿಗೆ ಇದು ಒಪ್ಪುವ ಮಾತೇ ಆಗಿದೆ.

ದಾವಣಗೆರೆಗೆ ಮರಳಿದ ಮೇಲೆ ಸಂಜೆಗೂ ಒಂದು ಕೆಲಸವಿದೆ. ಬೆಣ್ಣೆದೋಸೆಯ ಹಿಟ್ಟಿಗೆ ಮಂಡಕ್ಕಿ ಸೇರುತ್ತದೆಂಬುದು ತಿನ್ನುವವರಲ್ಲಿ ಎಷ್ಟು ಮಂದಿಗೆ ಗೊತ್ತು? ಆ ಮಂಡಕ್ಕಿಯನ್ನು ಹುರಿಯುವ ಭಟ್ಟಿಗಳು ಇದೇ ಊರಿನಲ್ಲಿವೆ. ಉರಿಯ ಮುಂದೆ ಬೆವರುವ ಕೈಗಳನ್ನು ಒಮ್ಮೆ ಕಂಡವರಿಗೆ ಮರುದಿನದ ದೋಸೆಯ ರುಚಿಯೇ ಬೇರೆ.

ಮುಂದಿನ ರಜೆಯಲ್ಲಿ ಹರಿಹರಕ್ಕೆ ಹೊರಡುವವರು ಮಧ್ಯಾಹ್ನದ ಬುತ್ತಿಯನ್ನು ಕಟ್ಟಿಕೊಂಡೇ ಹೋಗಲಿ. ಸ್ವಾಮಿಯ ದರ್ಶನ ಅರ್ಧ ಗಂಟೆಯಲ್ಲಿ ಮುಗಿದೀತು. ಊರಿನ ದರ್ಶನಕ್ಕೆ ಇಡೀ ಒಂದು ದಿನ ಬೇಕು.