ಸಹಿಗೆ ಮೊದಲು ಕೇಳಿ

ಕುಡಚಡೆಯ ಪಾಲಕರೇ, ಮಗುವಿನ ಚೀಲದಲ್ಲಿ ಶಾಲೆಯಿಂದ ಒಂದು ಹಾಳೆ ಬರುತ್ತದೆ. ಭಾಷೆ ಇಂಗ್ಲಿಷೋ ಮರಾಠಿಯೋ. ‘ನಾಳೆ ಸಹಿ ಬೇಕಂತೆ’ ಎನ್ನುತ್ತದೆ ಮಗು. ಕೆಲಸಕ್ಕೆ ಹೊರಟ ಗಡಿಬಿಡಿಯಲ್ಲಿ ನೀವು ಸಹಿ ಹಾಕುತ್ತೀರಿ. ಅದು ಪ್ರವಾಸದ ಚೀಟಿಯೋ, ಮಗುವಿನ ರಕ್ತ ಪಡೆಯುವ ಅಧ್ಯಯನವೋ?

ನಾನೂ ಇದರಲ್ಲಿ ತಪ್ಪಿತಸ್ಥ. ಕನ್ನಡ, ತಮಿಳು ಮಕ್ಕಳು ಕೂಡಿ ಓದುತ್ತಿದ್ದ ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದಾಗ, ಸಮೀಕ್ಷೆಯೊಂದರ ಕನ್ನಡ ಫಾರ್ಮಿಗೆ ತಮಿಳು ಪಾಲಕರಿಂದ ಹೆಬ್ಬೆಟ್ಟು ಒತ್ತಿಸಿದ್ದೆ. ‘ಮೇಷ್ಟ್ರು ಹೇಳಿದರೆ ಸರಿ’ ಎಂದರು. ಅದು ನಂಬಿಕೆ, ಒಪ್ಪಿಗೆಯಲ್ಲ.

ಇಂಥ ನಂಬಿಕೆ ಎಲ್ಲಿಗೆ ಮುಟ್ಟುತ್ತದೆಂದು ಅವಿಭಜಿತ ಆಂಧ್ರದ ಖಮ್ಮಂನಲ್ಲಿ ಕಂಡೆವು. 2009ರಲ್ಲಿ ಅಲ್ಲಿ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆಯಿತು. 2010ರಲ್ಲಿ ಅದನ್ನು ನಿಲ್ಲಿಸಲಾಯಿತು. 2013ರ ಸಂಸದೀಯ ಸ್ಥಾಯಿ ಸಮಿತಿಯ ವರದಿಯಂತೆ, 9,543 ಫಾರ್ಮುಗಳಲ್ಲಿ 1,948ಕ್ಕೆ ಹೆಬ್ಬೆಟ್ಟು, 2,763ಕ್ಕೆ ಹಾಸ್ಟೆಲ್ ವಾರ್ಡನ್‌ಗಳ ಸಹಿ. ಲಸಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಪ್ರಶ್ನೆ ಇಷ್ಟೇ: ಹೆತ್ತವರ ಪರವಾಗಿ ಸಹಿ ಹಾಕಲು ಅಧಿಕಾರ ಕೊಟ್ಟವರು ಯಾರು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ಶಾಲೆಯ ಅನುಮತಿ ಪಾಲಕರ ಒಪ್ಪಿಗೆಗೆ ಬದಲಿಯಲ್ಲ. ವಿವರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಓದಲು ಬಾರದವರಿಗೆ ಓದಿ ಹೇಳುವಾಗ ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಇರಬೇಕು. ಏಳು ವರ್ಷ ದಾಟಿದ ಮಗುವನ್ನೂ ಕೇಳಬೇಕು. ಹನ್ನೆರಡು ದಾಟಿದ್ದರೆ ಅದರ ಸಮ್ಮತಿ ಬರಹದಲ್ಲಿರಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದಿವೆ, ಜಾರಿ ಹಂತಹಂತವಾಗಿ. 18 ತುಂಬದವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶವಿರಬೇಕು. ಆ ಪಟ್ಟಿಯಲ್ಲಿ ಕನ್ನಡವಿದೆ. ಆದರೆ ಅದೇ ಕಾಯ್ದೆ ಸಂಶೋಧನೆಗೆ ಷರತ್ತಿನ ವಿನಾಯಿತಿಯನ್ನೂ ಕೊಟ್ಟಿದೆ. ಕಾಯ್ದೆ ಕಾಯುತ್ತದೆಂದು ಸುಮ್ಮನಿರುವಂತಿಲ್ಲ. ಕೇಳುವ ಕೆಲಸ ನಮ್ಮದೇ.

ಆದ್ದರಿಂದ ಸಹಿಗೆ ಮೊದಲು ಇಷ್ಟು ಕೇಳಿ: ಇದನ್ನು ನಡೆಸುವವರು ಯಾರು? ಮಗುವಿನಿಂದ ಏನು ಪಡೆಯುತ್ತಾರೆ? ತೊಂದರೆಯಾದರೆ ಹೊಣೆ ಯಾರದು? ಬೇಡವೆಂದರೆ ಅಂಕ, ಊಟ, ಸೌಲಭ್ಯಕ್ಕೆ ಕುಂದು ಬರುತ್ತದೆಯೇ? ಬರಬಾರದು, ನಡುವೆ ಹಿಂದೆ ಸರಿಯುವ ಹಕ್ಕೂ ನಿಮಗಿದೆ. ಒಂದು ಪ್ರತಿ ಇಟ್ಟುಕೊಳ್ಳಿ.

ಪರವೂರಿನಲ್ಲಿ ದುಡಿಯುವವರು ಪ್ರಶ್ನೆ ಕೇಳಲು ಅಂಜುತ್ತಾರೆ. ಅಂಜಬೇಡಿ. ‘ಕನ್ನಡದಲ್ಲಿ ತಿಳಿಸಿ ಹೇಳಿ, ಆಮೇಲೆ ಸಹಿ’ ಎಂದರೆ ಯಾವ ಒಳ್ಳೆಯ ಮೇಷ್ಟ್ರೂ ಮುನಿಯುವುದಿಲ್ಲ.