ಹಳೆಯ ಟಿ.ವಿ.ಯನ್ನು ಹೊರಗೆ ಹಾಕುವ ಮುನ್ನ



ಶ್ರಾವಣ ಮಾಸ ಸಮೀಪಿಸಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಪ್ರವಚನ, ಪ್ರಸಾದ, ಮನೆಮಂದಿಯ ಆರೋಗ್ಯ ಇವುಗಳನ್ನು ಕುರಿತ ಪ್ರಶ್ನೆಗಳೇ ಹೆಚ್ಚು. ಈ ಬಾರಿ ಗದಗ ಜಿಲ್ಲೆಯ ಸಹೋದರಿಯೊಬ್ಬರು ಬರೆದ ಪತ್ರ ಮಾತ್ರ ಬೇರೆ ಬಗೆಯದು. ಅವರ ಅತ್ತೆಯವರಿಗೆ 78 ವರ್ಷ. ಮೊಣಕಾಲಿನ ನೋವಿನಿಂದಾಗಿ ಮಠದವರೆಗೆ ನಡೆದು ಹೋಗಲಾರರು. ಸಾಯಂಕಾಲದ ಇಷ್ಟಲಿಂಗ ಪೂಜೆಯನ್ನು ಮುಗಿಸಿ, ಮಠದಲ್ಲಿ ನಡೆಯುವ ಪ್ರವಚನವನ್ನು ಪಡಸಾಲೆಯ ಟಿ.ವಿ.ಯಲ್ಲಿ ಯೂಟ್ಯೂಬ್ ಮೂಲಕ ಆಲಿಸುವುದು ಹಲವು ವರ್ಷಗಳಿಂದ ಅವರು ನಡೆಸಿಕೊಂಡು ಬಂದ ಕ್ರಮ. 2014ರಲ್ಲಿ ಕೊಂಡ ಆ 32 ಅಂಗುಲದ ಸ್ಮಾರ್ಟ್ ಟಿ.ವಿ.ಯಲ್ಲಿ ಒಂದು ದಿನ ಇದ್ದಕ್ಕಿದ್ದಂತೆ, ಈ ಆ್ಯಪ್ ಇನ್ನು ಮುಂದೆ ಈ ಸಾಧನದಲ್ಲಿ ಲಭ್ಯವಿಲ್ಲವೆಂಬ ಸೂಚನೆ ಮೂಡಿತಂತೆ. ಅಂಗಡಿಯವರನ್ನು ಕೇಳಿದರೆ, "ಇದರ ಕಾಲ ಮುಗೀತ್ರೀ, ಹೊಸಾದು ತಗೋರಿ, ಕಂತಿನ ಮ್ಯಾಲೆ ಕೊಡತೀವಿ" ಎಂದರಂತೆ. ಮನೆಯಲ್ಲಿ ಮಗಳ ಕಾಲೇಜು ಶುಲ್ಕ ಕಟ್ಟುವ ಸಮಯ. ಅತ್ತೆಯವರದು ಒಂದೇ ಪ್ರಶ್ನೆ: "ಟಿ.ವಿ. ಚಲೋನ ಐತಲ್ಲವ್ವಾ, ಮತ್ತ್ಯಾಕ ತಗದು ಒಗೀತೀರಿ?"

ಹಿರಿಯ ಜೀವದ ಈ ಪ್ರಶ್ನೆ ನೂರಕ್ಕೆ ನೂರು ನ್ಯಾಯವಾದದ್ದು. ಶ್ರಾವಣ ಕಾಯುವುದಿಲ್ಲವಾದ್ದರಿಂದ ಆ ಸಹೋದರಿಗೆ ನಾವು ಕೂಡಲೇ ಪ್ರತ್ಯೇಕ ಉತ್ತರ ಬರೆದೆವು. ಇದೇ ತೊಂದರೆ ಬೇರೆ ಮನೆಗಳಲ್ಲಿಯೂ ಇರುವುದನ್ನು ಕಂಡು ವಿಷಯವನ್ನು ಇಲ್ಲಿ ವಿಸ್ತರಿಸುತ್ತಿದ್ದೇವೆ.

ಮೊದಲು ತಿಳಿಯಬೇಕಾದದ್ದು, ಸ್ಮಾರ್ಟ್ ಟಿ.ವಿ. ಎಂಬುದು ಒಂದು ವಸ್ತುವಲ್ಲ, ಎರಡು ವಸ್ತುಗಳು. ಒಂದು, ಚಿತ್ರ ತೋರಿಸುವ ಪರದೆ ಹಾಗೂ ಧ್ವನಿ ಹೊರಡಿಸುವ ಸ್ಪೀಕರು. ಇನ್ನೊಂದು, ಅದರ ಬೆನ್ನಿಗೆ ಅಂಟಿಕೊಂಡಿರುವ ಒಂದು ಸಣ್ಣ ಗಣಕಯಂತ್ರ. ಪರದೆಯು ಹತ್ತು ವರ್ಷಗಳಾದರೂ ಚೆನ್ನಾಗಿಯೇ ಬಾಳುವುದುಂಟು. ಗಣಕಯಂತ್ರಕ್ಕಾದರೋ ಅಷ್ಟು ಆಯುಷ್ಯವಿಲ್ಲ. ಆ್ಯಪ್ ತಯಾರಿಸುವವರು ಪ್ರತಿಯೊಂದು ಕಂಪನಿಯ ಪ್ರತಿಯೊಂದು ವರ್ಷದ ಮಾದರಿಗೂ ತಮ್ಮ ತಂತ್ರಾಂಶವನ್ನು ಹೊಂದಿಸುತ್ತಲೇ ಇರಬೇಕಾಗುತ್ತದೆ. ನೋಡುವವರ ಸಂಖ್ಯೆ ಕಡಿಮೆಯಾದ ಹಳೆಯ ಮಾದರಿಗಳನ್ನು ಅವರು ಒಂದು ದಿನ ಕೈಬಿಡುತ್ತಾರೆ. 2015ರ ಏಪ್ರಿಲ್‌ನಲ್ಲಿ ಯೂಟ್ಯೂಬ್ ತನ್ನ ಹಳೆಯ ವ್ಯವಸ್ಥೆಯೊಂದನ್ನು ನಿಲ್ಲಿಸಿದಾಗ 2012 ಮತ್ತು ಅದಕ್ಕೂ ಹಿಂದಿನ ಎಷ್ಟೋ ಟಿ.ವಿ.ಗಳಲ್ಲಿ ಅದರ ಆ್ಯಪ್ ಸ್ತಬ್ಧವಾಯಿತು. 2019ರ ಡಿಸೆಂಬರ್ 1ರಿಂದ ಸ್ಯಾಮ್‌ಸಂಗ್‌ನ 2010 ಮತ್ತು 2011ರ ಕೆಲವು ಮಾದರಿಗಳಲ್ಲಿ ನೆಟ್‌ಫ್ಲಿಕ್ಸ್ ನಿಂತಿತು. ಆ ಪರದೆಗಳಲ್ಲಿ ಒಂದಕ್ಕೂ ಇದರಿಂದ ಸೀಳು ಬಿದ್ದಿರಲಿಲ್ಲವೆಂಬುದನ್ನು ಗಮನಿಸಬೇಕು.

ಇನ್ನೊಂದು ಕಾರಣ ಸ್ವಲ್ಪ ಸೂಕ್ಷ್ಮವಾದದ್ದು. ಅಪರಿಚಿತರು ಮನೆಗೆ ಬಂದಾಗ ಗೊತ್ತಿದ್ದ ಹಿರಿಯರ ಪರಿಚಯ ಪತ್ರ ತಂದಿದ್ದರೆ ನಾವು ನಂಬುತ್ತೇವಷ್ಟೆ. ಅಂತರ್ಜಾಲದಲ್ಲಿಯೂ ಹಾಗೆಯೇ. ತನ್ನೊಡನೆ ಮಾತನಾಡುವ ದೂರದ ಗಣಕಯಂತ್ರವು ನಿಜವಾದದ್ದೇ ಎಂದು ತಿಳಿಯಲು ಟಿ.ವಿ.ಯು ಡಿಜಿಟಲ್ ಪ್ರಮಾಣಪತ್ರವನ್ನು ಪರೀಕ್ಷಿಸುತ್ತದೆ. ಇಂಥ ಪ್ರಮಾಣಪತ್ರಗಳಿಗೆ ಕೊನೆಯ ದಿನಾಂಕವಿರುತ್ತದೆ. 2021ರ ಸೆಪ್ಟೆಂಬರ್ 30ರಂದು ಬಹಳ ಜಾಲತಾಣಗಳು ಅವಲಂಬಿಸಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ಹೊಸತನ್ನು ಪಡೆಯದಿದ್ದ ಹಳೆಯ ಸಾಧನಗಳು ಆ ತಾಣಗಳನ್ನು ನಂಬಲು ನಿರಾಕರಿಸಿದವು. ಆದ್ದರಿಂದ ಟಿ.ವಿ.ಯ ಗಡಿಯಾರ ತಪ್ಪು ದಿನಾಂಕ ತೋರಿಸುತ್ತಿದ್ದರೂ ಇದೇ ಅವಾಂತರವಾಗುತ್ತದೆ! ವಿದ್ಯುತ್ ಹೋಗಿ ಬಂದ ಮೇಲೆ ಯಾವುದೋ ಹಳೆಯ ವರ್ಷಕ್ಕೆ ಜಾರಿದ ಗಡಿಯಾರವನ್ನು ಸೆಟ್ಟಿಂಗ್ಸ್‌ನಲ್ಲಿ ಸರಿಪಡಿಸಿದ ಕೂಡಲೇ ಆ್ಯಪ್ ತೆರೆದುಕೊಂಡ ಪ್ರಸಂಗವನ್ನು ನಾವೇ ಕಂಡಿದ್ದೇವೆ. ಖರ್ಚು ಒಂದು ಪೈಸೆಯೂ ಇಲ್ಲ.

ಹೀಗಾಗಿ ಮೊದಲು ದಿನಾಂಕ ನೋಡಬೇಕು. ಅನಂತರ ಸೆಟ್ಟಿಂಗ್ಸ್‌ನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಇದೆಯೇ ಎಂದು ನೋಡಬೇಕು. ಹಳೆಯ ಟಿ.ವಿ.ಗಳಲ್ಲಿ ಸಂಗ್ರಹಕ್ಕೆ ಜಾಗ ಬಹಳ ಕಡಿಮೆ. ಯಾರೂ ನೋಡದ ಆ್ಯಪ್‌ಗಳನ್ನು ತೆಗೆದರೆ ಉಳಿದವು ಹಗುರಾಗಿ ನಡೆಯುತ್ತವೆ. ಆದರೆ ಇಲ್ಲೊಂದು ಎಚ್ಚರಿಕೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. ನಿಧಾನವಾಗಿಯಾದರೂ ನಡೆಯುತ್ತಿರುವ ಆ್ಯಪನ್ನು "ತೆಗೆದು ಮತ್ತೆ ಹಾಕಿದರೆ ಸರಿಹೋದೀತು" ಎಂಬ ಆಸೆಯಿಂದ ಅಳಿಸಬೇಡಿ. ಅದು ಟಿ.ವಿ.ಯ ಆ್ಯಪ್ ಅಂಗಡಿಯಲ್ಲಿ ಇನ್ನೂ ಇದೆಯೆಂದು ಮೊದಲು ಖಚಿತಪಡಿಸಿಕೊಳ್ಳಿ. ಅಲ್ಲಿಂದ ಮರೆಯಾಗಿದ್ದರೆ, ಅಳಿಸಿದ ಮೇಲೆ ಅದು ಮರಳಿ ಬರುವುದಿಲ್ಲ. ಇಡೀ ಟಿ.ವಿ.ಯನ್ನು ಕಾರ್ಖಾನೆಯ ಸ್ಥಿತಿಗೆ ತರುವ ಫ್ಯಾಕ್ಟರಿ ರಿಸೆಟ್‌ಗೂ ಇದೇ ಮಾತು. ಮನೆಯ ಹುಡುಗರಿಗೆ ಆ ಗುಂಡಿಯ ಮೇಲೆ ಬಹಳ ಪ್ರೀತಿ.

ಇಷ್ಟೆಲ್ಲ ಮಾಡಿದರೂ ಆಗದಿದ್ದರೆ ಟಿ.ವಿ.ಯ ಒಳಗಿನ ಗಣಕಯಂತ್ರವನ್ನು ಅದರ ಪಾಡಿಗೆ ಬಿಟ್ಟು, ಹೊರಗಿನಿಂದ ಹೊಸದೊಂದನ್ನು ಜೋಡಿಸುವುದೇ ಜಾಣತನ. ಟಿ.ವಿ.ಯ ಹಿಂಭಾಗದಲ್ಲಿ ಎಚ್.ಡಿ.ಎಂ.ಐ. ಎಂದು ಬರೆದ ಚಪ್ಪಟೆಯಾದ ರಂಧ್ರವೊಂದಿದ್ದರೆ ಸಾಕು. ಬೆರಳುದ್ದದ ಸ್ಟಿಕ್ ಅಥವಾ ಅಂಗೈ ಅಗಲದ ಪೆಟ್ಟಿಗೆಯನ್ನು ಅಲ್ಲಿ ಸಿಕ್ಕಿಸಿ, ಮನೆಯ ವೈಫೈಗೆ ಜೋಡಿಸಿ, ರಿಮೋಟ್‌ನಲ್ಲಿ ಸೋರ್ಸ್ ಎಂಬ ಗುಂಡಿಯನ್ನು ಒತ್ತಿ ಆ ರಂಧ್ರದ ಹೆಸರನ್ನು ಆರಿಸಿದರಾಯಿತು. ಪ್ರವಚನ, ವಚನ ಗಾಯನ, ಮಕ್ಕಳ ಪಾಠ ಎಲ್ಲವೂ ಅದೇ ಹಳೆಯ ಪರದೆಯ ಮೇಲೆ ಬರುತ್ತವೆ. ಕೆಲವೇ ಸಾವಿರ ರೂಪಾಯಿಗಳಲ್ಲಿ ಮುಗಿಯುವ ಕೆಲಸವಿದು. ಪತ್ರದ ಮನೆಯಂತೆ 32 ಅಂಗುಲದ, 1366×768 ಚುಕ್ಕೆಗಳ ಪರದೆಯಿದ್ದಲ್ಲಿ "ಫೋರ್ ಕೆ" ಎಂದು ಹೆಚ್ಚಿನ ಬೆಲೆಗೆ ಮಾರುವ ಸ್ಟಿಕ್ಕಿನ ಅಗತ್ಯವೇ ಇಲ್ಲ. ಪರದೆಯು ತನ್ನಲ್ಲಿರುವಷ್ಟು ಚುಕ್ಕೆಗಳನ್ನು ಮಾತ್ರ ತೋರಿಸಬಲ್ಲದು.

ಇಲ್ಲಿ ನಮ್ಮದೇ ಪೇಚಾಟವೊಂದನ್ನು ಹೇಳಿಬಿಡುತ್ತೇವೆ. ನಮ್ಮ ಮನೆಯಲ್ಲಿ ಇಂಥ ಸ್ಟಿಕ್ ಜೋಡಿಸಿದಾಗ, ಗೋಡೆಯ ಪ್ಲಗ್ಗಿನವರೆಗೆ ವೈರು ಎಳೆಯುವುದೇಕೆಂದು ಟಿ.ವಿ.ಯ ಯು.ಎಸ್.ಬಿ. ರಂಧ್ರದಿಂದಲೇ ಅದಕ್ಕೆ ವಿದ್ಯುತ್ ಕೊಟ್ಟೆವು. ಹತ್ತು ನಿಮಿಷಕ್ಕೊಮ್ಮೆ ಅದು ತಾನಾಗಿಯೇ ಆರಿ ಮತ್ತೆ ಹೊತ್ತಿಕೊಳ್ಳತೊಡಗಿತು. ವಸ್ತುವೇ ದೋಷಪೂರಿತವೆಂದು ಹಿಂದಿರುಗಿಸಲು ಕಟ್ಟಿಟ್ಟಿದ್ದೆವು ಕೂಡ. ಹಳೆಯ ಟಿ.ವಿ.ಗಳ ಯು.ಎಸ್.ಬಿ. ರಂಧ್ರವು ಸಾಮಾನ್ಯವಾಗಿ ಅರ್ಧ ಆಂಪಿಯರ್ ಮಾತ್ರ ಕೊಡುತ್ತದೆ, ಸ್ಟಿಕ್ಕಿಗೆ ಬೇಕಾದದ್ದು 5 ವೋಲ್ಟಿನಲ್ಲಿ ಸುಮಾರು 1 ಆಂಪಿಯರ್ ಎಂಬುದು ಅನಂತರ ತಿಳಿಯಿತು. ಸ್ಟಿಕ್ಕಿನೊಡನೆ ಬಂದ ಚಾರ್ಜರನ್ನೇ ಗೋಡೆಗೆ ಸಿಕ್ಕಿಸಿದ ಮೇಲೆ ಇಂದಿನವರೆಗೆ ತಕರಾರಿಲ್ಲ.

ಅಗ್ಗದ ಪೆಟ್ಟಿಗೆಗಳ ಬಗ್ಗೆ ಎರಡು ಮಾತು. ಹೆಸರು ದೆಸೆಯಿಲ್ಲದ ಆಂಡ್ರಾಯ್ಡ್ ಪೆಟ್ಟಿಗೆಗಳು, "ಎಲ್ಲ ಚಾನೆಲ್ ಉಚಿತ" ಎಂಬ ಆಮಿಷದೊಡನೆ ಆನ್‌ಲೈನ್ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಇಂಥ ಸಾಧನಗಳಲ್ಲಿ ಕಾರ್ಖಾನೆಯಿಂದಲೇ ಕಳ್ಳ ತಂತ್ರಾಂಶ ಅಡಗಿ ಬರುತ್ತಿರುವ ಬಗ್ಗೆ ಅಮೆರಿಕದ ತನಿಖಾ ಸಂಸ್ಥೆಯಾದ ಎಫ್.ಬಿ.ಐ. 2025ರ ಜೂನ್‌ನಲ್ಲಿ ಸಾರ್ವಜನಿಕ ಎಚ್ಚರಿಕೆ ನೀಡಿತು. ಬ್ಯಾಡ್‌ಬಾಕ್ಸ್ 2.0 ಎಂದು ಕರೆಯಲಾದ ಆ ಜಾಲದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ ಸಾಧನಗಳು ಸಿಲುಕಿದ್ದವು. ಮನೆಯ ವೈಫೈ ಮೂಲಕ ಅಪರಿಚಿತರು ತಮ್ಮ ವ್ಯವಹಾರ ನಡೆಸಲು ಅವು ದಾರಿ ಮಾಡಿಕೊಡುತ್ತಿದ್ದವು. ಸತ್ಯಶುದ್ಧ ಕಾಯಕದ ಹಣದಿಂದ ಕಳ್ಳನಿಗೆ ಬಾಗಿಲು ಕಟ್ಟಿಸಿಕೊಡುವುದು ಬೇಡ. ಹೆಸರಾಂತ ಕಂಪನಿಯದನ್ನು, ರಸೀದಿ ಪಡೆದು ಕೊಳ್ಳುವುದು ಮೇಲು.

ಹೆಸರಾಂತ ಕಂಪನಿಯದ್ದಾದರೆ ಶಾಶ್ವತವೇ ಎಂದರೆ ಅದೂ ಅಲ್ಲ. 2015ರಲ್ಲಿ ಮಾರುಕಟ್ಟೆಗೆ ಬಂದ ಗೂಗಲ್‌ನ ಎರಡನೆಯ ಪೀಳಿಗೆಯ ಕ್ರೋಮ್‌ಕಾಸ್ಟ್ ಸಾಧನಗಳು 2025ರ ಮಾರ್ಚ್ 9ರಂದು ಜಗತ್ತಿನಾದ್ಯಂತ ಒಮ್ಮೆಲೇ ಕೈಕೊಟ್ಟವು. ಒಳಗಿದ್ದ ಪ್ರಮಾಣಪತ್ರದ ಹತ್ತು ವರ್ಷಗಳ ಅವಧಿ ಮುಗಿದಿತ್ತು. ಕಂಪನಿಯವರು ಕೆಲವು ದಿನಗಳಲ್ಲಿ ಪರಿಹಾರ ಕಳಿಸಿದರು. ಯಾರೂ ಫ್ಯಾಕ್ಟರಿ ರಿಸೆಟ್ ಮಾಡಬಾರದೆಂದು ಮೊದಲೇ ಹೇಳಿದ್ದರು. ಅವಸರಪಟ್ಟು ಮಾಡಿದವರು ಮಾತ್ರ ಹೆಚ್ಚು ದಿನ ಒದ್ದಾಡಿದರು. ಆದರೂ ಸ್ಟಿಕ್ ಕೆಟ್ಟರೆ ಸ್ಟಿಕ್ಕಷ್ಟೇ ಬದಲಾಗುತ್ತದೆ, ಪಡಸಾಲೆಯ ಗೋಡೆ ಬರಿದಾಗುವುದಿಲ್ಲ.

ಅಂತರ್ಜಾಲವೇ ಇಲ್ಲದ ಅಥವಾ ನೆಟ್‌ವರ್ಕ್ ಸರಿಯಾಗಿ ಸಿಗದ ಹಳ್ಳಿಯ ಮನೆಗಳಿಗೂ ದಾರಿಯಿದೆ. 2004ರ ಡಿಸೆಂಬರ್‌ನಲ್ಲಿ ಬೇರೆ ಹೆಸರಿನಿಂದ ಆರಂಭವಾದ ದೂರದರ್ಶನದ ಡಿ.ಡಿ. ಫ್ರೀ ಡಿಶ್‌ಗೆ ತಿಂಗಳ ಬಾಡಿಗೆಯಿಲ್ಲ. ತಟ್ಟೆ ಮತ್ತು ಪೆಟ್ಟಿಗೆಯನ್ನು ಒಮ್ಮೆ ಕೊಂಡರೆ ಡಿ.ಡಿ. ಚಂದನ ಮೊದಲಾದ ವಾಹಿನಿಗಳು ಬರುತ್ತವೆ. ಟಿ.ವಿ. ಎಷ್ಟೇ ಹಳೆಯದಿರಲಿ, ಅದಕ್ಕೆ ಭೇದವಿಲ್ಲ.

ಪೆನ್ ಡ್ರೈವ್ ಇನ್ನೂ ಸುಲಭ. ಮಠದವರು ಧ್ವನಿಮುದ್ರಿಸಿ ಹಂಚುವ ಪ್ರವಚನ, ಮಗಳ ಮದುವೆಯ ವಿಡಿಯೋ, ಮೊಮ್ಮಕ್ಕಳ ಶಾಲಾ ವಾರ್ಷಿಕೋತ್ಸವ ಎಲ್ಲವನ್ನೂ ಅದರಲ್ಲಿ ತುಂಬಿ ಟಿ.ವಿ.ಯ ಯು.ಎಸ್.ಬಿ. ರಂಧ್ರಕ್ಕೆ ಹಾಕಬಹುದು. ಎರಡು ತೊಡಕುಗಳು ಮಾತ್ರ ಪದೇ ಪದೇ ಎದುರಾಗುತ್ತವೆ. ಎಫ್.ಎ.ಟಿ. 32 ಎಂಬ ವಿಧಾನದಲ್ಲಿ ಸಿದ್ಧಪಡಿಸಿದ ಪೆನ್ ಡ್ರೈವ್‌ನಲ್ಲಿ 4 ಜಿ.ಬಿ.ಗಿಂತ ದೊಡ್ಡ ಕಡತವೊಂದು ಹಿಡಿಯುವುದಿಲ್ಲ. ಮದುವೆಯ ದೀರ್ಘ ವಿಡಿಯೋವನ್ನು ಛಾಯಾಗ್ರಾಹಕರಿಂದಲೇ ಎರಡು ಮೂರು ತುಂಡುಗಳಾಗಿ ಕೇಳಿ ಪಡೆಯಬೇಕು. ಎರಡನೆಯದಾಗಿ, ಈಚಿನ ಮೊಬೈಲ್‌ಗಳು ಎಚ್.ಇ.ವಿ.ಸಿ. ಎಂಬ ಹೊಸ ಬಗೆಯಲ್ಲಿ ಚಿತ್ರೀಕರಿಸುವುದುಂಟು. 2013ರಲ್ಲಿ ರೂಪುಗೊಂಡ ಆ ಬಗೆಯನ್ನು ಹಳೆಯ ಟಿ.ವಿ. ಓದಲಾರದೆ ಧ್ವನಿ ಮಾತ್ರ ಕೇಳಿಸಿ ಪರದೆ ಕಪ್ಪಾಗಿ ಉಳಿಯುತ್ತದೆ. ಮೊಬೈಲ್ ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಹಳೆಯ ಎಚ್. 264 ಬಗೆಯನ್ನು ಮೊದಲೇ ಆರಿಸಿಟ್ಟುಕೊಂಡರೆ ಈ ತೊಂದರೆ ಇರುವುದಿಲ್ಲ. ಟಿ.ವಿ. ಕೆಟ್ಟಿದೆಯೆಂದು ರಿಪೇರಿಯವರನ್ನು ಕರೆಸಿ ಹಣ ಕೊಟ್ಟವರನ್ನು ಕಂಡು ನಮಗೆ ಬಹಳ ವ್ಯಥೆಯಾಗಿದೆ.

ಸ್ಟಿಕ್ ಜೋಡಿಸಿದ ಬಳಿಕ ಟಿ.ವಿ.ಯ ಸ್ವಂತ ವೈಫೈ ಸಂಪರ್ಕವನ್ನು ಕಡಿದುಹಾಕುವುದು ಉತ್ತಮ. ರಕ್ಷಣೆಯ ಅಪ್‌ಡೇಟ್ ನಿಂತುಹೋದ ಯಂತ್ರವನ್ನು ಅಂತರ್ಜಾಲಕ್ಕೆ ತೆರೆದಿಡುವುದರಲ್ಲಿ ಲಾಭವೇನೂ ಇಲ್ಲ. ಟಿ.ವಿ.ಯನ್ನು ಬಂಧುಗಳಿಗೋ ಪ್ರಸಾದ ನಿಲಯದ ಮಕ್ಕಳಿಗೋ ಕೊಡುವ ಮನಸ್ಸಿದ್ದರೆ, ಅದರಲ್ಲಿರುವ ನಿಮ್ಮ ಖಾತೆಗಳಿಂದ ಹೊರಬಂದೇ ಕೊಡಬೇಕು.

ಪರದೆಯೇ ಒಡೆದಿದ್ದರೆ, ಬೆಳಕೇ ಸತ್ತಿದ್ದರೆ, ಹೊಸದನ್ನು ಕೊಳ್ಳಬಾರದೆಂದು ನಾವು ಹೇಳುವವರಲ್ಲ. ಆಗ ಹಳೆಯದನ್ನು ಗುಜರಿಯವರಿಗೆ ತೂಕಕ್ಕೆ ಹಾಕದೆ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು. ಎಲ್.ಇ.ಡಿ. ಬೆಳಕು ಬರುವ ಮೊದಲಿನ ಎಲ್.ಸಿ.ಡಿ. ಟಿ.ವಿ.ಗಳ ಒಳಗಿನ ದೀಪದ ಕೊಳವೆಗಳಲ್ಲಿ ಪಾದರಸವಿರುತ್ತದೆ. ಅದನ್ನು ಹಿತ್ತಲಲ್ಲಿ ಒಡೆಯುವುದು ಮಕ್ಕಳಿರುವ ಮನೆಗೆ ಸಲ್ಲದು. ಹೊಸದನ್ನು ಕೊಳ್ಳುವಾಗ ಅಂಗಡಿಯವರನ್ನು, "ಇದಕ್ಕೆ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ?" ಎಂದು ಅವಶ್ಯವಾಗಿ ಕೇಳಿ. ಐರೋಪ್ಯ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ಜಾರಿಯಾದ ನಿಯಮವು, ಒಂದು ಮಾದರಿಯ ಕೊನೆಯ ಟಿ.ವಿ. ಮಾರುಕಟ್ಟೆಗೆ ಬಂದ ಮೇಲೂ ಎಂಟು ವರ್ಷಗಳ ಕಾಲ ಅದರ ತಂತ್ರಾಂಶವು ದೊರೆಯುವಂತಿರಬೇಕೆಂದು ವಿಧಿಸಿದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ರಕ್ಷಣೆಯ ಅಪ್‌ಡೇಟ್ ಎಲ್ಲಿಯವರೆಗೆ ಎಂಬುದನ್ನು ತಯಾರಕರು ಪ್ರಕಟಿಸಲೇಬೇಕು. ನಮ್ಮಲ್ಲಿ ಕೇಳುವ ಗ್ರಾಹಕರು ಹೆಚ್ಚಾದಷ್ಟೂ ಅಂಗಡಿಯವರು ಉತ್ತರವನ್ನು ಸಿದ್ಧವಿಟ್ಟುಕೊಳ್ಳುತ್ತಾರೆ. ವಸ್ತುವಿನ ಬಗ್ಗೆ ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಗದಗ ಜಿಲ್ಲೆಯ ಆ ಸಹೋದರಿಯಿಂದ ಮೊನ್ನೆ ಮರುಪತ್ರ ಬಂದಿದೆ. ದಿನಾಂಕ ಸರಿಪಡಿಸಿದರೂ ಆ್ಯಪ್ ಬರಲಿಲ್ಲವಾದ್ದರಿಂದ ಸ್ಟಿಕ್ ತರಿಸಿದರಂತೆ. ಕಾಲೇಜಿನ ಶುಲ್ಕ ಕಟ್ಟಿಯಾಗಿದೆ. ಎರಡೆರಡು ರಿಮೋಟ್ ಕಂಡು ಅತ್ತೆಯವರು ಮೊದಲ ದಿನ ಗಾಬರಿಗೊಂಡರಂತೆ. ಮೊಮ್ಮಗಳು ತನ್ನ ಹಣೆಗಿಡುವ ಟಿಕಳಿಗಳನ್ನು ತಂದು, ಟಿ.ವಿ. ಹಚ್ಚುವ ಗುಂಡಿಗೆ ಕೆಂಪು, ಪ್ರವಚನ ತೆರೆಯುವ ಗುಂಡಿಗೆ ಹಸಿರು ಎಂದು ಅಂಟಿಸಿಕೊಟ್ಟಿದ್ದಾಳೆ. ಈಗ ಸಂಜೆ ಏಳಕ್ಕೆ ಯಾರನ್ನೂ ಕರೆಯದೆ ಅವರೇ ಹಚ್ಚಿಕೊಳ್ಳುತ್ತಾರಂತೆ. ಟಿಕಳಿ ವಾರಕ್ಕೊಮ್ಮೆ ಉದುರುತ್ತದೆಂಬುದೊಂದೇ ಅವರ ದೂರು.