ಸ್ಟಿಲ್‌ಗೆ ಎಷ್ಟು ಟಚಪ್?

ಕನ್ನಡ ಸಿನಿಮಾದ ಮದರಾಸು ದಿನಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡಹೊರಟವರು ಹೆಚ್ಚಾಗಿ ಸ್ಟಿಲ್‌ಗಳನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ರಾಜ್‌ಕುಮಾರ್ ನಾಯಕರಾಗಿ ಬಂದ ‘ಬೇಡರ ಕಣ್ಣಪ್ಪ’ (1954) ತಯಾರಾದದ್ದು ಅಲ್ಲೇ. ಆಮೇಲೂ ಎಷ್ಟೋ ವರ್ಷ ನಮ್ಮವರ ಶೂಟಿಂಗು, ಲ್ಯಾಬಿನ ಕೆಲಸ, ಎಡಿಟಿಂಗು ಎಲ್ಲ ಕೋಡಂಬಾಕ್ಕಂ, ವಡಪಳನಿಯ ಸುತ್ತಮುತ್ತಲೇ ನಡೆಯುತ್ತಿದ್ದವು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ (1934) ಪ್ರಿಂಟೇ ಉಳಿದಿಲ್ಲ. ಹೀಗೆ ಕಳೆದುಹೋದ ಚಿತ್ರಗಳನ್ನು ಕಣ್ಣಿಗೆ ಕಾಣಿಸಲು ಸ್ಟಿಲ್ ಬಿಟ್ಟರೆ ಬೇರೆ ಗತಿಯಿಲ್ಲ. ಅದನ್ನು ಟೈಮ್‌ಲೈನಿಗೆ ಎಳೆದುಕೊಳ್ಳುವ ಮುನ್ನ ಎಷ್ಟು ತಿದ್ದಬಹುದು ಎನ್ನುವಲ್ಲಿ ಎಡಿಟರುಗಳದು ಎರಡು ಪಕ್ಷ.

ಸ್ಕ್ಯಾನಿಂಗ್ ಬಗ್ಗೆ ತಕರಾರಿಲ್ಲ. ವಿಡಿಯೋಗೆ ಲೆಕ್ಕಕ್ಕೆ ಬರುವುದು ಪಿಕ್ಸೆಲ್. 10×8 ಇಂಚಿನ ಪ್ರಿಂಟನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 6000×4800 ಪಿಕ್ಸೆಲ್ ಸಿಗುತ್ತದೆ; 1920×1080ರ ಪರದೆಯಲ್ಲಿ ಮೂರು ಪಟ್ಟು ಜೂಮ್ ಮಾಡಿದರೂ ಚಿತ್ರ ಒಡೆಯುವುದಿಲ್ಲ. ಪ್ರೆಸ್ಸಿನಿಂದ ಬಂದ ಸಿಎಂವೈಕೆ ಫೈಲನ್ನು ಆರ್‌ಜಿಬಿಗೆ ಬದಲಿಸಿಕೊಳ್ಳಬೇಕು. ಚೆನ್ನೈನ ಉಪ್ಪುಗಾಳಿ, ಸೆಕೆಗೆ ಫೋಟೋ ಕಟ್ಟಿನ ಗಾಜಿಗೇ ಅಂಟಿಕೊಂಡಿದ್ದರೆ ಕೀಳಲು ಹೋಗದೆ ಗಾಜಿನ ಮೇಲಿಂದಲೇ ತೆಗೆದುಕೊಳ್ಳುವುದು ಕ್ಷೇಮ. ಎಳೆದರೆ ಮುಖದ ಪದರವೇ ಗಾಜಿಗೆ ಕಚ್ಚಿಕೊಂಡು ಬರುತ್ತದೆ.

ಇದಾದ ಮೇಲೆ ಶುರುವಾಗುವುದು ವಾದ. ತಿದ್ದಬೇಕು ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಹಳೆಯ ಪ್ರಿಂಟಿನ ಮೇಲಿನ ಬೂಷ್ಟು, ಮಡಿಕೆ, ಹಳದಿ ಬಣ್ಣ ಯಾವುದೂ ಛಾಯಾಗ್ರಾಹಕ ತೆಗೆದದ್ದಲ್ಲ. ಅವೆಲ್ಲ ಆಮೇಲೆ ಬಂದವು. ಇದ್ದಂತೆಯೇ ತೋರಿಸಿದರೆ ಅವನ ಕೆಲಸವನ್ನು ತೋರಿಸಿದಂತಾಗುವುದಿಲ್ಲ. ಮೇಲಾಗಿ ಆ ಕಾಲದವರೂ ತಿದ್ದುತ್ತಿದ್ದರು: ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ಮುಖದ ಸುಕ್ಕು ಮರೆಸುವುದು, ಪ್ರಿಂಟಿನ ಬಿಳಿ ಚುಕ್ಕೆಗೆ ಕುಂಚದಿಂದ ಮಸಿ ಮುಟ್ಟಿಸುವುದು ಸ್ಟುಡಿಯೋಗಳ ನಿತ್ಯದ ಕೆಲಸವಾಗಿತ್ತು. ಇಷ್ಟರ ಮಟ್ಟಿಗೆ ನಾನು ಅವರ ಪಕ್ಷವೇ.

ಕ್ರಾಪ್ ವಿಷಯಕ್ಕೆ ಬಂದರೆ ಅವರ ಜೊತೆಗಿರಲು ಆಗುವುದಿಲ್ಲ. ರೋಲೈಫ್ಲೆಕ್ಸ್‌ನಂಥ ಕ್ಯಾಮೆರಾದ ನೆಗೆಟಿವ್ ಚೌಕ, 6×6 ಸೆಂಟಿಮೀಟರ್. ಅದನ್ನು 16:9ರ ಪರದೆ ತುಂಬ ಹರಡಿದರೆ ಉಳಿಯುವುದು ನೂರಕ್ಕೆ 56 ಪಾಲು ಮಾತ್ರ. ಪೌರಾಣಿಕ ಚಿತ್ರದ ಸ್ಟಿಲ್ ಆದರೆ ಕಿರೀಟ ಉಳಿಸಿಕೊಂಡರೆ ಪಾದ ಹೋಗುತ್ತದೆ, ಪಾದ ಉಳಿಸಿಕೊಂಡರೆ ಕಿರೀಟ. ನಟನನ್ನು ಸಿಂಹಾಸನದಿಂದ ಇಷ್ಟು ದೂರ ನಿಲ್ಲಿಸಬೇಕೆಂದು ಅಳೆದು ತೆಗೆದವನ ಲೆಕ್ಕಾಚಾರವೆಲ್ಲ ಕತ್ತರಿಗೆ ಸಿಕ್ಕಿತು. ಎರಡೂ ಬದಿ ಕಪ್ಪು ಬಿಟ್ಟರೆ ಫೋನಿನಲ್ಲಿ ನೋಡುವವನಿಗೆ ಚಿತ್ರ ತೀರಾ ಚಿಕ್ಕದಾಗುತ್ತದೆ ಎಂಬ ಟಿವಿಯವರ ದೂರೂ ನಿಜವೇ. ಆದರೆ ಅದಕ್ಕೆಂದು ಅದೇ ಚಿತ್ರವನ್ನು ಮಸುಕು ಮಾಡಿ ಹಿಂದೆ ಹರಡುವ ಈಗಿನ ರೂಢಿ ನನಗೆ ಸರಿಕಾಣದು. ಕಣ್ಣು ಬೇಡದ ಕಡೆ ಓಡುತ್ತದೆ. ಪಾದದಿಂದ ಕಿರೀಟದವರೆಗೆ ನಿಧಾನವಾಗಿ ಫ್ರೇಮನ್ನು ಏರಿಸಿ, ಕೊನೆಗೆ ಹಿಂದೆ ಸರಿದು ಇಡೀ ಚೌಕವನ್ನು ನಾಲ್ಕು ಸೆಕೆಂಡು ನಿಲ್ಲಿಸಿದರೆ ತೆಗೆದವನಿಗೂ ನೋಡುವವನಿಗೂ ನ್ಯಾಯ ಸಿಗುತ್ತದೆ. ಕೆನಡಾದ ‘ಸಿಟಿ ಆಫ್ ಗೋಲ್ಡ್’ (1957) ಹೀಗೆ ಸ್ಥಿರಚಿತ್ರಗಳ ಮೇಲೆ ಕ್ಯಾಮೆರಾ ಓಡಿಸಿಯೇ ಹೆಸರು ಮಾಡಿತು.

ಬಣ್ಣದ ಬಗ್ಗೆ ನನ್ನ ಮನಸ್ಸು ಅತ್ತಿತ್ತ. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಹಚ್ಚಿಕೊಂಡು ಮತ್ತೆ ಥಿಯೇಟರಿಗೆ ಬಂದವು. ಹಳೆಯದನ್ನು ಹೊಸಬರ ಮುಂದಿಡಲು ಅದೂ ಒಂದು ದಾರಿಯೇ. ಆದರೆ ಸೀರೆಯ ನಿಜವಾದ ಬಣ್ಣ ಸ್ಟಿಲ್‌ನಲ್ಲಿ ಉಳಿದಿರುವುದಿಲ್ಲ, ಹಚ್ಚುವವರು ಊಹಿಸಿಯೇ ಹಚ್ಚಬೇಕು. ಪರದೆಯ ಕೆಳಗೆ ‘ಬಣ್ಣ ಈಗ ಹಚ್ಚಿದ್ದು’ ಎಂದು ಬರೆದರೆ ನನ್ನ ಆಕ್ಷೇಪಣೆ ಅರ್ಧ ಇಳಿಯುತ್ತದೆ.

ಎಐ ಹಾಕಿ ಮುಖ ಚೂಪು ಮಾಡುವುದನ್ನು ಮಾತ್ರ ಒಪ್ಪಲಾರೆ. ರಾಜನ ಆಸ್ಥಾನದ ಸ್ಟಿಲ್‌ನಲ್ಲಿ ಹಿಂದಿನ ಸಾಲಿನ ಜೂನಿಯರ್ ಆರ್ಟಿಸ್ಟಿನ ಮುಖ ಮೂವತ್ತು ಪಿಕ್ಸೆಲ್ ಅಗಲ ಇದ್ದೀತು. ಕಣ್ಣೆಂದರೆ ಎರಡು ಕಪ್ಪು ಚುಕ್ಕೆ. ಸಾಫ್ಟ್‌ವೇರು ಅಲ್ಲಿಗೆ ರೆಪ್ಪೆ, ಹಲ್ಲು, ತುಟಿಯ ಅಂಚು ಎಲ್ಲವನ್ನೂ ಎಂದೋ ಕಂಡ ಸಾವಿರಾರು ಮುಖಗಳಿಂದ ತಂದು ಕೂರಿಸುತ್ತದೆ. ನೋಡಲು ಚೆಂದವೇ. ತಾತನನ್ನು ಹುಡುಕುತ್ತಾ ಬಂದ ಮೊಮ್ಮಗಳಿಗೆ ಆಗ ಕಾಣುವುದು ಎಂದೂ ಹುಟ್ಟದೇ ಇದ್ದ ಒಬ್ಬ ಮನುಷ್ಯ. ಮುಖ ಮಸುಕಾಗಿಯೇ ಇದ್ದರೆ ಅವಳಿಗೆ ನಿರಾಸೆಯಾಗುತ್ತದೆ, ಗೊತ್ತು. ಅಂಥ ಕಡೆ ಜೂಮ್ ಬಿಟ್ಟು ಇಡೀ ಆಸ್ಥಾನವನ್ನೇ ತೋರಿಸಿ, ಅವರು ಎಡದಿಂದ ಎಷ್ಟನೆಯವರೆಂದು ನಿರೂಪಣೆಯಲ್ಲಿ ಹೇಳಬಹುದು.

ಯಾವ ಪಕ್ಷದವರಾದರೂ ತಿದ್ದದ ಸ್ಕ್ಯಾನನ್ನು ಟಿಫ್ ಆಗಿ, ಅಂಚಿನ ಬಿಳಿ ಪಟ್ಟಿ ಸಮೇತ ಬೇರೆ ಇಡಲಿ. ಪ್ರಿಂಟಿನ ಬೆನ್ನಿನ ಸೀಲು, ಪೆನ್ಸಿಲ್ ಬರಹವನ್ನೂ ಸ್ಕ್ಯಾನ್ ಮಾಡಿ ಅದೇ ನಂಬರು ಕೊಡಲಿ. ಟೈಮ್‌ಲೈನಿಗೆ ಹೋಗುವುದು ಆ ಟಿಫ್‌ನ ಪ್ರತಿ ಮಾತ್ರ ಆಗಿರಲಿ.